ನಾಯಿ ನೋಡೋದು ನಿಮ್ಮ ಕಾಲನ್ನ: ಅಜಿಲಿಟಿಗೆ ಹೊಸಬರಿಗಾಗಿ

ಅಜಿಲಿಟಿ ಶುರು ಮಾಡಬೇಕು, ಮೊದಲು ಏನು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಜಾರದ ಬೂಟು. ನಾಯಿಗಲ್ಲ, ನಿಮಗೆ. ನಾನು ಮೊದಲ ದಿನದ ಕ್ಲಾಸಿಗೆ ಅಟ್ಟೆ ಸವೆದ ಹಳೇ ಬೂಟು ಹಾಕಿಕೊಂಡು ಹೋಗಿದ್ದೆ. ಹುಲ್ಲು ಒದ್ದೆಯಾಗಿತ್ತು. ಎರಡನೇ ಜಂಪ್ ಹತ್ತಿರ ತಿರುಗಲು ಹೋಗಿ ಅಂಗಾತ ಬಿದ್ದೆ. ನನ್ನ ನಾಯಿ ಚುಕ್ಕಿ ಓಡಿ ಬಂದು ಎದೆ ಮೇಲೆ ನಿಂತು ಮುಖ ನೆಕ್ಕಿದಳು. ಕಲಿಸುವವರು ದೂರದಿಂದಲೇ, "ನಾಯಿ ಚೆನ್ನಾಗಿದೆ, ನಿಮ್ಮದೇ ಸ್ವಲ್ಪ ಕೆಲಸ ಇದೆ" ಅಂದರು. ಆರು ವರ್ಷ ಆಯಿತು, ಆ ಕೆಲಸ ಇನ್ನೂ ಮುಗಿದಿಲ್ಲ.

ಆಟ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಮೈದಾನದಲ್ಲಿ ಜಂಪ್, ಟನೆಲ್, ಏರುಹಲಗೆ, ಕಂಬದ ಸಾಲು ಹೀಗೆ ಅಡೆತಡೆಗಳನ್ನು ಇಟ್ಟು ನಂಬರ್ ಹಾಕಿರುತ್ತಾರೆ. ನಾಯಿ ಆ ನಂಬರಿನ ಪ್ರಕಾರ ತಪ್ಪಿಲ್ಲದೆ, ಬೇಗ ಓಡಿ ಮುಗಿಸಬೇಕು. ನೀವು ಪಕ್ಕದಲ್ಲಿ ಓಡುತ್ತಾ ದಾರಿ ತೋರಿಸಬೇಕು. ನಾಯಿಯನ್ನು ಮುಟ್ಟುವ ಹಾಗಿಲ್ಲ, ಅಡೆತಡೆಯನ್ನೂ ಮುಟ್ಟುವ ಹಾಗಿಲ್ಲ. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ನಾಯಿ ಪ್ರದರ್ಶನದಲ್ಲಿ ಎರಡು ಕಾರ್ಯಕ್ರಮಗಳ ನಡುವಿನ ಬಿಡುವು ತುಂಬಿಸಲು, ಕುದುರೆ ಜಿಗಿತದ ಸ್ಪರ್ಧೆ ನೋಡಿಕೊಂಡು ಕಟ್ಟಿದ ಆಟ ಇದು. ಕುದುರೆ ಮೇಲೆ ಸವಾರ ಕೂತಿರುತ್ತಾನೆ. ಇಲ್ಲಿ ಸವಾರ ಪಕ್ಕದಲ್ಲಿ ಏದುಸಿರು ಬಿಡುತ್ತಾ ಓಡುತ್ತಿರುತ್ತಾನೆ, ಅಷ್ಟೇ ವ್ಯತ್ಯಾಸ.

ಪ್ರತಿ ಸ್ಪರ್ಧೆಯಲ್ಲೂ ಕೋರ್ಸ್, ಅಂದರೆ ಅಡೆತಡೆಗಳ ಜೋಡಣೆ, ಹೊಸದು. ನಾಯಿ ಅದನ್ನು ಮೊದಲ ಸಲ ನೋಡೋದೇ ಓಡುವಾಗ. ಹಾಗಾಗಿ ಬಾಯಿಪಾಠ ಮಾಡಿಸಿ ಗೆಲ್ಲುವ ಆಟ ಅಲ್ಲ ಇದು. ಮುಂದೆ ಯಾವ ಕಡೆ ಅಂತ ನಾಯಿ ಪ್ರತಿ ಕ್ಷಣ ನಿಮ್ಮನ್ನೇ ಕೇಳುತ್ತಿರುತ್ತದೆ. ಉತ್ತರ ಹುಡುಕುವುದು ನಿಮ್ಮ ಬಾಯಲ್ಲಿ ಅಲ್ಲ, ಕಾಲಲ್ಲಿ.

ಶುರು ಮಾಡುವ ಮುಂಚೆ

ಬಾರ್ಡರ್ ಕೋಲಿ ತಳಿಯ ನಾಯಿ ಇದ್ದರೆ ಮಾತ್ರ ಅಜಿಲಿಟಿ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಚುಕ್ಕಿ ಯಾವ ತಳಿಯೂ ಅಲ್ಲ. ಅವಳ ಅಮ್ಮ ಯಾರು ಅಂತ ಗೊತ್ತು, ಅಪ್ಪ ಯಾರು ಅಂತ ಅವಳ ಅಮ್ಮನಿಗೆ ಮಾತ್ರ ಗೊತ್ತು. ಓಡಲು ಇಷ್ಟ ಇರುವ, ನಿಮ್ಮ ಜೊತೆ ಇರಲು ಇಷ್ಟಪಡುವ ಆರೋಗ್ಯವಂತ ನಾಯಿ ಸಾಕು. ತುಂಬ ಉದ್ದ ಬೆನ್ನಿನ, ತುಂಬ ಭಾರದ ಅಥವಾ ಚಪ್ಪಟೆ ಮೂಗಿನ ನಾಯಿಗಳ ವಿಷಯದಲ್ಲಿ ಮೊದಲು ಪಶುವೈದ್ಯರನ್ನು ಕೇಳಿ. ನಿಜ ಹೇಳಬೇಕೆಂದರೆ ಯಾವ ನಾಯಿಯಾದರೂ ಕೇಳಿ. ಸೊಂಟ, ಮೊಣಕಾಲು, ಭುಜ ಮೂರನ್ನೂ ಮುಟ್ಟಿ ನೋಡಲು ಹೇಳಿ. ಮೇಲಿನಿಂದ ನೋಡಿದಾಗ ನಾಯಿಗೆ ಸೊಂಟ ಅಂತ ಒಂದು ಕಾಣಬೇಕು. ಕಾಣದಿದ್ದರೆ ಜಂಪ್‌ಗಿಂತ ಮುಂಚೆ ಊಟದ ತಟ್ಟೆ ಕಡೆ ಗಮನ ಕೊಡಿ. ಉಗುರು ಕತ್ತರಿಸಿರಲಿ.

ಮರಿಗಳಿಗೆ ಆತುರ ಬೇಡ. ಎಲುಬಿನ ತುದಿಯಲ್ಲಿ ಬೆಳೆಯುವ ಭಾಗ ಇನ್ನೂ ಮೆತ್ತಗಿರುತ್ತದೆ. ಅದು ಗಟ್ಟಿಯಾಗುವ ಮುಂಚೆ ಎತ್ತರ ಹಾರಿಸಿದರೆ ಪೆಟ್ಟಾದೀತು. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐ ನಿಯಮದ ಸ್ಪರ್ಧೆಗಳಲ್ಲಿ ನಾಯಿಗೆ 18 ತಿಂಗಳು ತುಂಬಿರಬೇಕು. ಅಮೆರಿಕನ್ ಕೆನೆಲ್ ಕ್ಲಬ್‌ನಲ್ಲಿ 15 ತಿಂಗಳು. ಅಷ್ಟರವರೆಗೆ ಮಾಡಲು ಏನೂ ಇಲ್ಲ ಅಂತಲ್ಲ. ಕೋಲನ್ನು ನೆಲದ ಮೇಲಿಟ್ಟು ದಾಟಿಸಿ, ಟನೆಲ್ ತೋರಿಸಿ, ನೆಲದ ಮೇಲಿನ ಹಲಗೆ ಮೇಲೆ ನಡೆಸಿ. ಚುಕ್ಕಿಗೆ ಶುರುವಿನಲ್ಲಿ ಒಂದು ವರ್ಷ. ಅವಳ ಮೊದಲ ಆರು ತಿಂಗಳಲ್ಲಿ ಬಾರ್, ಅಂದರೆ ಜಂಪ್‌ನ ಅಡ್ಡಕೋಲು, ನೆಲ ಬಿಟ್ಟು ಏಳಲೇ ಇಲ್ಲ. ಆ ಆರು ತಿಂಗಳು ಬೇಕಾಗಿದ್ದದ್ದು ನನಗೇ, ಅದು ಆಮೇಲೆ ಗೊತ್ತಾಯಿತು.

ನಾಯಿಗೆ ಬೇಕಾದದ್ದು ಮೂರು: ಕರೆದರೆ ಬರಬೇಕು, ಕೂರು ಅಂದಲ್ಲಿ ನೀವು ಹತ್ತು ಹೆಜ್ಜೆ ಮುಂದೆ ಹೋದರೂ ಕೂತಿರಬೇಕು, ಮತ್ತು ತಿಂಡಿಗೋ ಚೆಂಡಿಗೋ ಹಗ್ಗ ಎಳೆಯೋದಕ್ಕೋ ಹುಚ್ಚು ಇರಬೇಕು. ಮೂರನೆಯದು ಇದ್ದರೆ ಮೊದಲೆರಡನ್ನು ಕಲಿಸಬಹುದು.

ಕಾಲಿನ ಪಾಠ

ಒಂದೂ ಅಡೆತಡೆ ಇಲ್ಲದೆ ಶುರು ಮಾಡಿ. ನಾಯಿಯನ್ನು ಎಡಗಡೆ ಇಟ್ಟುಕೊಂಡು ದೊಡ್ಡ ಸುತ್ತು ಓಡಿ. ಆಮೇಲೆ ಬಲಗಡೆ. ನೀವು ಜೋರಾದರೆ ಅದೂ ಜೋರಾಗಬೇಕು, ನೀವು ನಿಧಾನಿಸಿದರೆ ಅದು ಹತ್ತಿರ ಬರಬೇಕು. ಪ್ಯಾಂಟಿನ ಹೊಲಿಗೆ ಪಕ್ಕದಲ್ಲೇ ತಿಂಡಿ ಕೊಡಿ. ಎರಡೂ ಕಡೆ ಸಮನಾಗಿ ಮಾಡಿಸಿ. ನಡೆಸುವಾಗ ಯಾವಾಗಲೂ ಎಡಕ್ಕೆ ಇಟ್ಟುಕೊಂಡು ಅಭ್ಯಾಸ ಆಗಿರುವವರಿಗೆ ಬಲಗಡೆ ಬಂದ ತಕ್ಷಣ ಕೈಕಾಲು ತಮ್ಮದಲ್ಲ ಅನಿಸುತ್ತದೆ. ನನಗೂ ಹಾಗೇ ಆಯಿತು.

ಈಗ ಒಂದು ಜಂಪ್ ಇಡಿ, ಬಾರ್ ನೆಲದಲ್ಲಿ. ನಾಯಿಯನ್ನು ಕೂರಿಸಿ, ನೀವು ಜಂಪ್ ದಾಟಿ ಮುಂದೆ ಹೋಗಿ, ಕರೆಯಿರಿ. ಅದು ದಾಟಿದಾಗ ಬಹುಮಾನ ಕೈಯಿಂದ ಕೊಡಬೇಡಿ, ಅದು ಹೋಗುತ್ತಿರುವ ದಾರಿಯಲ್ಲೇ ಮುಂದಕ್ಕೆ ಎಸೆಯಿರಿ. ಸಣ್ಣ ವಿಷಯ ಅನಿಸಬಹುದು. ನಾನು ಮೊದಲ ಎರಡು ತಿಂಗಳು ಕೈಯಿಂದಲೇ ಕೊಟ್ಟೆ. ಚುಕ್ಕಿ ಪ್ರತಿ ಜಂಪ್ ದಾಟುವಾಗಲೂ ತಲೆ ತಿರುಗಿಸಿ ನನ್ನ ಜೇಬು ನೋಡಲು ಶುರು ಮಾಡಿದಳು. ಮುಂದೆ ನೋಡದೆ ಹಾರಿದರೆ ಬಾರ್ ಬೀಳುತ್ತದೆ, ಇಳಿಯುವಾಗ ಭುಜಕ್ಕೆ ಪೆಟ್ಟು. ಆ ಚಾಳಿ ಬಿಡಿಸಲು ಮತ್ತೆರಡು ತಿಂಗಳು ಹಿಡಿಯಿತು.

ಆಮೇಲೆ ಬರುವುದು ಕ್ರಾಸ್. ಅಂದರೆ ನಾಯಿ ನಿಮ್ಮ ಎಡದಿಂದ ಬಲಕ್ಕೆ, ಅಥವಾ ಬಲದಿಂದ ಎಡಕ್ಕೆ ಬದಲಾಗುವ ಹಾಗೆ ನೀವು ಜಾಗ ಬದಲಿಸುವುದು. ನಾಯಿಗಿಂತ ಮುಂದೆ ಇದ್ದು, ಅದರ ಕಡೆ ಮುಖ ಮಾಡಿ ತಿರುಗಿ ಬದಿ ಬದಲಿಸಿದರೆ ಫ್ರಂಟ್ ಕ್ರಾಸ್. ಮುಂದೆ ಇದ್ದು ಬೆನ್ನು ತೋರಿಸಿ ತಿರುಗಿದರೆ ಬ್ಲೈಂಡ್ ಕ್ರಾಸ್. ನಾಯಿ ಮುಂದೆ ಹೋದಾಗ ಅದರ ಹಿಂದಿನಿಂದ ದಾಟಿದರೆ ರಿಯರ್ ಕ್ರಾಸ್. ಮೊದಲು ಫ್ರಂಟ್ ಕ್ರಾಸ್ ಒಂದನ್ನೇ ಕಲಿಯಿರಿ. ಮುಖ ನಾಯಿ ಕಡೆ ಇರುವುದರಿಂದ ಏನು ಆಗುತ್ತಿದೆ ಅಂತ ಕಾಣುತ್ತದೆ, ತಪ್ಪಾದರೆ ಸರಿಮಾಡಿಕೊಳ್ಳಬಹುದು.

ಮನೆಯಲ್ಲಿ ನಾಯಿ ಇಲ್ಲದೆ ಅಭ್ಯಾಸ ಮಾಡಿ. ನಾನು ಹಜಾರದಲ್ಲಿ ನಾಲ್ಕು ಚಪ್ಪಲಿ ಇಟ್ಟುಕೊಂಡು, ಅವನ್ನೇ ಜಂಪ್ ಅಂತ ಭಾವಿಸಿ ತಿರುಗುತ್ತಿದ್ದೆ. ಫೋನನ್ನು ನೆಲದ ಮೇಲೆ ಒರಗಿಸಿ ವಿಡಿಯೊ ಮಾಡಿ, ಪಾದ ಮಾತ್ರ ಕಂಡರೂ ಸಾಕು. ನೋಡಬೇಕಾದದ್ದು ಒಂದೇ: ಕಾಲ ಬೆರಳು ಮುಂದಿನ ಅಡೆತಡೆ ಕಡೆ ತಿರುಗಿದ್ದು ಯಾವಾಗ? ಕೈ ಮೊದಲು ತಿರುಗಿ, ಕಾಲು ಆಮೇಲೆ ತಿರುಗಿದರೆ ನಾಯಿಗೆ ಎರಡು ಉತ್ತರ ಸಿಕ್ಕಂತಾಯಿತು. ಅದು ಕಾಲನ್ನೇ ನಂಬುತ್ತದೆ. ಭುಜ ಕೂಡ ಕಾಲಿನ ಹಿಂದೆ ಬರುತ್ತದೆ, ಅದರ ಬಗ್ಗೆ ಬೇರೆ ಚಿಂತೆ ಬೇಡ.

ಅಡೆತಡೆಗಳು, ಒಂದೊಂದಾಗಿ

ಟನೆಲ್ ಸುಲಭ. ಮಡಚಿ ಗಿಡ್ಡ ಮಾಡಿ, ಇನ್ನೊಬ್ಬರು ಒಂದು ಬಾಯಲ್ಲಿ ನಾಯಿ ಹಿಡಿದುಕೊಳ್ಳಲಿ, ನೀವು ಇನ್ನೊಂದು ಬಾಯಲ್ಲಿ ಮುಖ ತೋರಿಸಿ ಕರೆಯಿರಿ. ಆಮೇಲೆ ಉದ್ದ ಮಾಡಿ, ಕೊನೆಗೆ ಬಾಗಿಸಿ. ಉರುಳದ ಹಾಗೆ ಎರಡೂ ಕಡೆ ಮರಳಿನ ಚೀಲ ಇರಲಿ. ಟನೆಲ್‌ನ ಕಷ್ಟ ಒಳಗೆ ಕಳಿಸುವುದರಲ್ಲಿ ಇಲ್ಲ, ಕಳಿಸದೆ ಇರುವುದರಲ್ಲಿದೆ. ಬಹಳ ನಾಯಿಗಳಿಗೆ ಅದು ಚಟ ಆಗಿಬಿಡುತ್ತದೆ. ಇದರ ಕಥೆ ಮುಂದೆ ಬರುತ್ತದೆ.

ಗುಡಾರದ ಹಾಗೆ ಎರಡು ಹಲಗೆ ಒರಗಿಸಿದ ಎ-ಫ್ರೇಮ್, ಎತ್ತರದ ಕಿರಿದಾದ ಸೇತುವೆಯಂಥ ಡಾಗ್ ವಾಕ್, ಮಕ್ಕಳ ಏತದ ಹಾಗೆ ಏರಿಳಿಯುವ ಹಲಗೆ ಸೀಸಾ, ಈ ಮೂರಕ್ಕೂ ತುದಿಯಲ್ಲಿ ಬೇರೆ ಬಣ್ಣ ಬಳಿದಿರುತ್ತಾರೆ. ಅದು ಕಾಂಟ್ಯಾಕ್ಟ್ ಜಾಗ. ನಾಯಿಯ ಒಂದು ಪಾದವಾದರೂ ಅಲ್ಲಿ ಬೀಳಬೇಕು. ಎಫ್‌ಸಿಐ ಎ-ಫ್ರೇಮ್‌ನ ತುದಿ ನೆಲದಿಂದ 1.7 ಮೀಟರ್ ಎತ್ತರ, ಡಾಗ್ ವಾಕ್ ಸುಮಾರು 1.2 ಮೀಟರ್, ಹಲಗೆಯ ಅಗಲ 30 ಸೆಂಟಿಮೀಟರ್. ಅಷ್ಟು ಎತ್ತರದಿಂದ ಖುಷಿಯಲ್ಲಿ ನೇರ ನೆಲಕ್ಕೆ ಹಾರಿದರೆ ಏನಾಗುತ್ತದೆ ಅಂತ ಯೋಚಿಸಿ. ಬಣ್ಣ ಇರುವುದು ಅದಕ್ಕೇ.

ಕಲಿಸಲು ಒಂದು ದಪ್ಪ ಹಲಗೆ ಅಥವಾ ಮೆಟ್ಟಿಲಿನ ಕೊನೆಯ ಹೆಜ್ಜೆ ಸಾಕು. ಹಿಂದಿನ ಎರಡು ಕಾಲು ಹಲಗೆ ಮೇಲೆ, ಮುಂದಿನ ಎರಡು ಕಾಲು ನೆಲದ ಮೇಲೆ. ಹಾಗೆ ನಿಂತ ಕ್ಷಣ "ಹೂಂ!" ಅಂದು, ತಿಂಡಿಯನ್ನು ಅದರ ಮುಂಗಾಲಿನ ನಡುವೆ, ನೆಲದ ಮೇಲೆ ಕೊಡಿ. ತಳ್ಳಿ, ಎಳೆದು ನಿಲ್ಲಿಸಬೇಡಿ. ಹಿಂಗಾಲು ತನ್ನದೇ ಅಂತ ಬಹಳ ನಾಯಿಗಳಿಗೆ ಗೊತ್ತೇ ಇರುವುದಿಲ್ಲ, ಹುಡುಕಿಕೊಳ್ಳಲು ಬಿಡಿ. ಹಲಗೆ ಮೇಲೆ ನಿಲ್ಲುವುದು ಪಕ್ಕಾ ಆದ ಮೇಲೆ ಡಾಗ್ ವಾಕ್‌ನ ಇಳಿಜಾರಿಗೆ ಹೋಗಿ. ನಿಲ್ಲದೆ ಓಡಿಕೊಂಡೇ ಬಣ್ಣ ಮುಟ್ಟಿಸುವ ರೀತಿಯೂ ಇದೆ, ನೋಡಲು ಸೊಗಸು. ಮೊದಲ ನಾಯಿಗೆ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ.

ಸೀಸಾ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಚುಕ್ಕಿ ಡಾಗ್ ವಾಕ್ ಚೆನ್ನಾಗಿ ಮಾಡುತ್ತಿದ್ದಳು. ಸೀಸಾ ಕೂಡ ಹಲಗೆಯೇ ತಾನೆ ಅಂತ ಒಂದು ಸಂಜೆ ಸುಮ್ನೆ ಹತ್ತಿಸಿದೆ. ಅವಳಿಗೂ ಅದು ಡಾಗ್ ವಾಕ್ ಅಂತಲೇ ಅನಿಸಿತು. ಜೋರಾಗಿ ಹತ್ತಿದಳು. ನಡು ದಾಟಿದ ತಕ್ಷಣ ಹಲಗೆ ಕಾಲ ಕೆಳಗಿಂದ ಹೋಯಿತು. ಧಡ್ ಅಂತ ನೆಲಕ್ಕೆ ಬಡಿಯಿತು. ಅವಳು ಪಕ್ಕಕ್ಕೆ ಹಾರಿ, ಬಾಲ ಹೊಟ್ಟೆಗೆ ಅಂಟಿಸಿಕೊಂಡು ಗೇಟಿನ ಹತ್ತಿರ ಹೋಗಿ ನಿಂತಳು. ಕರೆದರೆ ಬಂದಳು, ಆದರೆ ಕಣ್ಣು ಸೀಸಾ ಮೇಲೆಯೇ. ಮರುದಿನ ಡಾಗ್ ವಾಕ್ ಕೂಡ ಹತ್ತಲಿಲ್ಲ. ಒಂದು ಕ್ಷಣದ ಕೆಲಸ ಸರಿಮಾಡಲು ನಾಲ್ಕು ತಿಂಗಳು ಬೇಕಾಯಿತು.

ಸರಿಯಾದ ದಾರಿ ಇದು. ಮೊದಲು ಸದ್ದು ಅಭ್ಯಾಸ ಮಾಡಿಸಿ. ಚಿಕ್ಕ ಹಲಗೆಯ ಕೆಳಗೆ ಬಟ್ಟೆ ಸುತ್ತಿದ ಒಂದು ಕೋಲು ಇಡಿ, ನಾಯಿ ಕಾಲಿಟ್ಟಾಗ ಅದು ಟಕ್ ಅಂತ ಬೀಳಲಿ, ಬಿದ್ದ ಪ್ರತಿ ಸಲ ತಿಂಡಿ. ಸ್ವಲ್ಪ ದಿನದಲ್ಲಿ ಅದೇ ಓಡಿ ಬಂದು ಬಡಿಯಲು ಶುರು ಮಾಡುತ್ತದೆ. ಆಮೇಲೆ ನಿಜವಾದ ಸೀಸಾದ ಏಳುವ ತುದಿಯ ಕೆಳಗೆ ಗಟ್ಟಿ ಮೇಜು ಇಡಿ, ಹಲಗೆ ಎರಡು ಬೆರಳಿನಷ್ಟು ಮಾತ್ರ ಅಲ್ಲಾಡಲಿ. ನಾಯಿಯನ್ನು ಮೇಜಿನ ಕಡೆಯಿಂದ ಹತ್ತಿಸಿ, ಆ ಸಣ್ಣ ಇಳಿತ ಅದಕ್ಕೆ ಆಟ ಅನಿಸಲಿ. ವಾರಗಟ್ಟಲೆ ಬಿಟ್ಟು ಮೇಜಿನ ಬದಲು ಗಿಡ್ಡ ಸ್ಟೂಲ್, ಆಮೇಲೆ ದಿಂಬು. ನಾಯಿ ಹಿಂಜರಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಿ. ಚುಕ್ಕಿ ಈಗ ಸೀಸಾ ತುದಿಗೆ ಹೋಗಿ, ಹಲಗೆ ನೆಲ ಬಡಿಯುವ ತನಕ ಕೂತಂತೆ ಸವಾರಿ ಮಾಡುತ್ತಾಳೆ. ಆದರೂ ಹೊಸ ಮೈದಾನದಲ್ಲಿ ಮೊದಲ ಸಲ ಹತ್ತುವಾಗ ಅವಳ ಕಿವಿ ಹಿಂದಕ್ಕೆ ಹೋಗುತ್ತದೆ. ಅದು ನಾನು ಹಾಕಿದ ಗುರುತು.

ವೀವ್ ಪೋಲ್, ಅಂದರೆ ಕಂಬದ ಸಾಲು, ನಾಯಿಗೆ ಎಲ್ಲಕ್ಕಿಂತ ಕಷ್ಟ. 12 ಕಂಬ, ನಡುವೆ 60 ಸೆಂಟಿಮೀಟರ್ ಅಂತರ. ಮೊದಲ ಕಂಬ ನಾಯಿಯ ಎಡ ಭುಜದ ಪಕ್ಕ ಬರುವ ಹಾಗೆ ನುಗ್ಗಬೇಕು, ನೀವು ಯಾವ ಕಡೆ ಇದ್ದರೂ. ಹಾವಿನ ಹಾಗೆ ಬಳುಕುವುದು ಯಾವ ನಾಯಿಗೂ ಹುಟ್ಟಿನಿಂದ ಬರುವುದಿಲ್ಲ. ತಿಂಡಿ ಕೈಯಲ್ಲಿ ಹಿಡಿದು ಕಂಬಗಳ ನಡುವೆ ಎಳೆದುಕೊಂಡು ಹೋಗುವವರನ್ನು ನೋಡಿದ್ದೇನೆ. ಆ ನಾಯಿ ಕಲಿಯುವುದು ಕೈಯನ್ನು, ಕಂಬವನ್ನಲ್ಲ. ಕೈ ತೆಗೆದ ದಿನ ಎಲ್ಲ ಮಾಯ. ಬದಲಿಗೆ ಒಂದು ಬಿಟ್ಟು ಒಂದು ಕಂಬವನ್ನು ಎಡಕ್ಕೂ ಬಲಕ್ಕೂ ಸರಿಸಿ, ನಡುವೆ ಓಣಿ ಮಾಡಿ. ನಾಯಿ ನೇರ ಓಡಲಿ, ಬಹುಮಾನ ಓಣಿಯ ಕೊನೆಯಲ್ಲಿರಲಿ. ಕೆಲವು ದಿನಕ್ಕೊಮ್ಮೆ ಓಣಿಯನ್ನು ಒಂದೊಂದು ಅಂಗುಲ ಕಿರಿದು ಮಾಡಿ. ಕೊನೆಗೆ ಬಳುಕದೆ ದಾರಿ ಇಲ್ಲ ಅಂತ ನಾಯಿಗೇ ಹೊಳೆಯುತ್ತದೆ. ಒಂದು ದಿನಕ್ಕೆ ಆರೇಳು ಸಲ ಸಾಕು. ಬೆನ್ನಿಗೂ ಭುಜಕ್ಕೂ ಇದು ದಣಿವಿನ ಕೆಲಸ.

ಟೈರ್, ಲಾಂಗ್ ಜಂಪ್, ಗೋಡೆ ಇವೆಲ್ಲ ಜಂಪ್ ಬಂದ ನಾಯಿಗೆ ಒಂದೆರಡು ವಾರದ ಮಾತು.

ಎಷ್ಟು ಅಭ್ಯಾಸ ಮಾಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಅಡೆತಡೆಗಳ ಮೇಲೆ ವಾರಕ್ಕೆ ಎರಡು ಮೂರು ದಿನ, ಒಂದು ಸಲಕ್ಕೆ ಹತ್ತು ನಿಮಿಷ. ಮುಂಚೆ ಐದು ಹತ್ತು ನಿಮಿಷ ಚುರುಕಾಗಿ ನಡೆಸಿ ಮೈ ಬಿಸಿ ಮಾಡಿ, ಆದ ಮೇಲೆ ನಡೆಸಿಯೇ ತಣಿಸಿ. ನಾಯಿ ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ. ಬಾರ್ ಬೀಳಿಸುವುದು, ಅಗಲವಾಗಿ ತಿರುಗುವುದು ಶುರುವಾದರೆ ದಣಿದಿದೆ ಅಂತ ಅರ್ಥ. ಮಧ್ಯದಲ್ಲಿ ನೆಲ ಮೂಸುತ್ತಾ ನಿಂತರೆ ಅದಕ್ಕೆ ಬೈಯಬೇಡಿ. ಬಹಳ ಸಲ ಅದು ಗಲಿಬಿಲಿ. ನಿಮ್ಮಿಂದ ಸರಿಯಾದ ಉತ್ತರ ಸಿಗಲಿಲ್ಲ, ಪಾಪ, ಏನು ಮಾಡಬೇಕು ಹೇಳಿ?

ಮೊದಲ ಸ್ಪರ್ಧೆ

ನಾಯಿ ಕರೆದುಕೊಂಡು ಹೋಗುವ ಮುಂಚೆ ಒಂದು ಸ್ಪರ್ಧೆಗೆ ಒಬ್ಬರೇ ಹೋಗಿ. ಬಿದ್ದ ಬಾರ್ ಎತ್ತಿಡುವ ಕೆಲಸ ಕೊಡಿ ಅಂತ ಕೇಳಿ, ಯಾರೂ ಬೇಡ ಅನ್ನುವುದಿಲ್ಲ. ರಿಂಗಿನ, ಅಂದರೆ ಸ್ಪರ್ಧೆ ನಡೆಯುವ ಅಂಗಳದ, ಪಕ್ಕ ಕೂತರೆ ಒಂದೇ ದಿನದಲ್ಲಿ ನಿಯಮದ ಪುಸ್ತಕಕ್ಕಿಂತ ಜಾಸ್ತಿ ಕಲಿಯುತ್ತೀರಿ. ಪುಸ್ತಕವನ್ನೂ ಓದಿ. ಒಂದೊಂದು ಸಂಸ್ಥೆಯದು ಒಂದೊಂದು ರೀತಿ.

ಎಫ್‌ಸಿಐ ಲೆಕ್ಕದಲ್ಲಿ ಭುಜದ ಹತ್ತಿರ ನಾಯಿಯ ಎತ್ತರ ಅಳೆದು ವರ್ಗ ಮಾಡುತ್ತಾರೆ. ಚುಕ್ಕಿ 41 ಸೆಂಟಿಮೀಟರ್, ಅಂದರೆ ಮೀಡಿಯಂ. ಅವಳ ಜಂಪ್ 35ರಿಂದ 40 ಸೆಂಟಿಮೀಟರ್. ಬಾರ್ ಬಿದ್ದರೆ 5 ಅಂಕ ತಪ್ಪು, ಬಣ್ಣದ ಜಾಗ ತಪ್ಪಿಸಿದರೆ 5, ಅಡೆತಡೆ ಎದುರು ನಿಂತುಬಿಟ್ಟರೆ ಅಥವಾ ಪಕ್ಕದಿಂದ ದಾಟಿ ಹೋದರೆ ರೆಫ್ಯೂಸಲ್, ಅದಕ್ಕೂ 5. ಮೂರು ರೆಫ್ಯೂಸಲ್ ಆದರೆ ಹೊರಗೆ. ತಪ್ಪು ಅಡೆತಡೆ ಮಾಡಿದರೆ ನೇರ ಹೊರಗೆ. ನಿಗದಿ ಸಮಯ ಮೀರಿದರೆ ಅದಕ್ಕೂ ಅಂಕ. ರಿಂಗಿನೊಳಗೆ ತಿಂಡಿ, ಆಟಿಕೆ ಇಲ್ಲ. ಮೊದಲ ಸಲಕ್ಕೆ ಜಂಪಿಂಗ್ ವಿಭಾಗಕ್ಕೆ ಹೆಸರು ಕೊಡಿ. ಅದರಲ್ಲಿ ಹತ್ತಿ ಇಳಿಯುವ ಅಡೆತಡೆಗಳು ಇರುವುದಿಲ್ಲ.

ಓಟಕ್ಕೆ ಮುಂಚೆ ನಾಯಿ ಇಲ್ಲದೆ ಕೋರ್ಸ್ ನಡೆದು ನೋಡಲು ಕೆಲವು ನಿಮಿಷ ಬಿಡುತ್ತಾರೆ. ಮೊದಲ ಸುತ್ತಿನಲ್ಲಿ ನಂಬರ್ ಮಾತ್ರ ನೋಡಿ. ಎರಡನೇ ಸುತ್ತಿನಲ್ಲಿ ನಾಯಿ ಓಡುವ ದಾರಿಯಲ್ಲೇ ನಡೆಯಿರಿ, ಪ್ರತಿ ಜಂಪ್ ದಾಟಿದ ಜಾಗದಲ್ಲಿ ಮಂಡಿ ಬಗ್ಗಿಸಿ ಅದರ ಎತ್ತರಕ್ಕೆ ಇಳಿದು ನೋಡಿ. ಇಲ್ಲಿ ಇಳಿದಾಗ ಕಣ್ಣಿಗೆ ಮೊದಲು ಕಾಣೋದು ಏನು? ಮೂರನೇ ಸುತ್ತಿನಲ್ಲಿ ನೀವು ಓಡುವ ದಾರಿ, ಕೈಕಾಲಿನ ಸಮೇತ. ಗಾಳಿಗೆ ಕೈ ತೋರಿಸುತ್ತಾ, ತನ್ನಷ್ಟಕ್ಕೆ ಗೊಣಗುತ್ತಾ ತಿರುಗುವ ಹತ್ತಿಪ್ಪತ್ತು ಜನ ಅಲ್ಲಿ ಇರುತ್ತಾರೆ, ನಾಚಿಕೆ ಬೇಡ.

ನಾನು ಮೊದಲ ಸಲ ಆ ಎರಡನೇ ಸುತ್ತು ಬಿಟ್ಟೆ. ನಾಲ್ಕನೇ ಜಂಪ್ ಆದ ಮೇಲೆ ಎಡಕ್ಕೆ ತಿರುಗಿ ಐದನೇ ಜಂಪ್. ನಿಂತು ನೋಡಿದಾಗ ಸಲೀಸು. ಬಗ್ಗಿ ನೋಡಿದ್ದರೆ ಕಾಣುತ್ತಿತ್ತು: ನಾಲ್ಕನೇ ಜಂಪ್ ಇಳಿದ ನಾಯಿಗೆ ನೇರ ಎದುರಿಗೆ ಟನೆಲ್ ಬಾಯಿ. ಅದು ಹದಿಮೂರನೇ ಅಡೆತಡೆ.

ಚುಕ್ಕಿ ಗೆರೆಯಲ್ಲಿ ಚೆನ್ನಾಗಿ ಕೂತಳು. ಮೂರು ಜಂಪ್ ಬೆಣ್ಣೆ ಹಾಗೆ ಹೋಯಿತು. ನಾಲ್ಕರಲ್ಲಿ ನಾನು "ಇಲ್ಲಿ, ಇಲ್ಲಿ!" ಅಂತ ಕೂಗಿದೆ, ಎಡಗೈಯನ್ನೂ ಚಾಚಿದೆ. ಅವಳು ಟನೆಲ್ ಒಳಗೆ ನುಗ್ಗಿ, ಆ ಕಡೆಯಿಂದ ಬಂದು, ಹೊಗಳಿ ಅನ್ನುವ ಹಾಗೆ ನಿಂತಳು. ಸೀಟಿ ಊದಿತು. ನನಗೆ ಸಿಟ್ಟು ಬಂತು, ಸುಳ್ಳು ಹೇಳಲ್ಲ. ಹೇಳಿದರೂ ಕೇಳಲಿಲ್ಲವಲ್ಲ ಅಂತ. ಸಂಜೆ ಗೆಳತಿ ತೆಗೆದ ವಿಡಿಯೊ ನೋಡಿದೆ. ಬಾಯಿ ಎಡಕ್ಕೆ ಕರೆಯುತ್ತಿದೆ, ಕೈ ಎಡಕ್ಕಿದೆ. ಎರಡೂ ಬೂಟಿನ ತುದಿ ಟನೆಲ್ ಕಡೆ. ನಾನು ಅದರ ಕಡೆಗೇ ಓಡುತ್ತಿದ್ದೇನೆ! ಅವಳು ಹೇಳಿದ್ದನ್ನೇ ಮಾಡಿದ್ದಳು.

ಹೊರಗೆ ಅಂತ ಆದಾಗ ಮಾಡಬೇಕಾದದ್ದು: ನಗುತ್ತಾ ಒಂದೆರಡು ಸುಲಭದ ಜಂಪ್ ಮಾಡಿಸಿಕೊಂಡು, ಓಡಿಕೊಂಡೇ ರಿಂಗಿನಿಂದ ಆಚೆ ಬನ್ನಿ, ಗೇಟಿನ ಹೊರಗೆ ಇಟ್ಟಿರುವ ತಿಂಡಿ ಡಬ್ಬಿ ಹತ್ತಿರ ಹೋಗಿ, ಗೆದ್ದಾಗ ಕೊಡುವಷ್ಟೇ ಕೊಡಿ. ನಾಯಿಗೆ ಅಂಕ ಗೊತ್ತಿಲ್ಲ. ರಿಂಗಿನೊಳಗೆ ನಿಮ್ಮ ಮುಖ ಹೇಗಿತ್ತು ಅನ್ನೋದು ಮಾತ್ರ ನೆನಪಿರುತ್ತದೆ, ಮುಂದಿನ ಸಲ ಅದನ್ನೇ ನೆನೆದು ಒಳಗೆ ಬರುತ್ತದೆ.

ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಓಟ ಆದ ಮೇಲೆ, ವಿಡಿಯೊ ನೋಡಿ ಒಂದೇ ಸಾಲು ಬರೆಯಿರಿ, ನಾಯಿ ಬಗ್ಗೆ ಅಲ್ಲ, ನಿಮ್ಮ ಬಗ್ಗೆ. ನನ್ನದರ ಮೊದಲ ಪುಟದಲ್ಲಿ "4ನೇ ಜಂಪ್, ಎರಡೂ ಕಾಲು ಟನೆಲ್ ಕಡೆ" ಅಂತಿದೆ. ಚುಕ್ಕಿಗೆ ಈಗ ಏಳು ವರ್ಷ, ಮೂತಿ ಹತ್ತಿರ ಬೆಳ್ಳಗಾಗುತ್ತಿದೆ. ಹೋದ ವಾರದ ಸಾಲು: "9ನೇ ಜಂಪ್, ಎಡಗಾಲು ತಡ. ಅವಳೇ ಕಾದಳು."